ಸತ್ತವಳು ಹೂಡಿದ ದಾವೆ

ದೆವ್ವದ ಕಥೆಗಳನ್ನು ಜನ ಖುಷಿಗಾಗಿ ಓದುತ್ತಾರಂತೆ. ಹೊದಿಕೆಯೊಳಗೆ ಮುದುಡಿಕೊಂಡು, ಒಂದಿಷ್ಟು ಬೆಚ್ಚಿಬಿದ್ದು, ಕೊನೆಗೆ ನಕ್ಕು ಪುಸ್ತಕ ಮುಚ್ಚುತ್ತಾರಂತೆ. ಓದಲಿ, ಅವರ ಪುಣ್ಯ. ನಾನು ಅಂಥ ಒಂದು ಕಥೆ ಓದಿ, ಅದನ್ನು ಹೊತ್ತುಕೊಂಡು ಹೋಗಿ ನನ್ನ ಅಕ್ಕನಿಗೆ ಹೇಳಿ, ಅವಳಿಗಿದ್ದ ಒಂದೇ ಒಂದು ದಾರಿಯನ್ನೂ ಮುಚ್ಚಿಸಿದವಳು. ಈಗಲೂ ಶಾಲೆಯ ಹುಡುಗಿಯರು "ಒಂದು ದೆವ್ವದ ಕಥಿ ಹೇಳ್ರಿ ಟೀಚರ್" ಅಂದರೆ ಮೈಯೆಲ್ಲ ಉರಿಯುತ್ತದೆ. ಬೈದು ಕೂರಿಸುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಲಿಂಗಸುಗೂರಿನಲ್ಲಿ ಅಪ್ಪನದು ಸಣ್ಣ ಕಿರಾಣಿ ಅಂಗಡಿ. ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದೆ. ಊರಿನ ವಾಚನಾಲಯದಲ್ಲಿ ಒಂದು ಬೀರು ತುಂಬ ಇಂಗ್ಲಿಷ್ ಪುಸ್ತಕಗಳಿದ್ದವು. ಕಾಲುವೆಯ ಕೆಲಸಕ್ಕೆಂದು ಬಂದಿದ್ದ ಯಾರೋ ಎಂಜಿನಿಯರು ವರ್ಗವಾಗಿ ಹೋಗುವಾಗ ಬಿಟ್ಟುಹೋದವಂತೆ. ಅವನ್ನು ಮುಟ್ಟುತ್ತಿದ್ದವರು ಇಬ್ಬರೇ, ಗೆದ್ದಲು ಮತ್ತು ನಾನು. ಇಂಗ್ಲಿಷ್ ಕಲಿತು ಟೀಚರ್ ಆಗಬೇಕೆಂಬ ಹುಚ್ಚಿತ್ತು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ದಿನಕ್ಕೆ ಎರಡು ಪುಟ ಜಗಿಯುತ್ತಿದ್ದೆ.

ಅದರಲ್ಲೊಂದು ಪುಸ್ತಕದ ರಟ್ಟಿನ ಮೇಲೆ ಕುಂಬಳಕಾಯಿಗೆ ಕಣ್ಣು, ಮೂಗು, ಹಲ್ಲು ಕೊರೆದ ಚಿತ್ರವಿತ್ತು. ನಮ್ಮಲ್ಲಿ ಹೊಸ ಮನೆಗೆ ದೃಷ್ಟಿ ಆಗದಿರಲೆಂದು ಬೂದುಗುಂಬಳಕ್ಕೆ ಮುಖ ಬರೆದು ತೂಗುಹಾಕುತ್ತಾರಲ್ಲ, ಅಂಥದೇ ಇರಬೇಕು ಅಂದುಕೊಂಡೆ. ಓದಿದಾಗ ಗೊತ್ತಾಯಿತು, ಹ್ಯಾಲೋವೀನ್ ಅಂತ ಅವರದೊಂದು ದಿನವಂತೆ. ಅವತ್ತು ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ, ದೊಡ್ಡವರು ಅಂಜಿಕೆಯ ಕಥೆ ಹೇಳುತ್ತಾರೆ. ಹೆದರಿಸಿ ಮಿಠಾಯಿ ಇಸಕೊಳ್ಳುವ ಹಬ್ಬ. ಎಂಥ ಸುಖದ ಜನ ಅನಿಸಿತು.

ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳಿದ್ದವು, ಯಾವ ಕಥೆ ಎಲ್ಲಿಂದ ಬಂತು ಎಂದು. ನನಗೆ ಕಥೆಗಿಂತ ಆ ಟಿಪ್ಪಣಿಗಳೇ ಹಿಡಿಸಿದವು. ಅವುಗಳಲ್ಲಿ ಕೆಲವು ಕಥೆಗಳ ಬೇರು ಯೆಹೂದ್ಯರಲ್ಲಿತ್ತು. ಯೆಹೂದ್ಯರು ಎಂದರೆ ಇತಿಹಾಸದ ಪಾಠದಲ್ಲಿ ಓದಿದ ಒಂದು ಶಬ್ದ ಮಾತ್ರ ನನಗೆ. ಮಣ್ಣಿನ ಮನುಷ್ಯನಿಗೆ ಜೀವ ತುಂಬಿ ಕೆಲಸಕ್ಕಿಟ್ಟುಕೊಂಡ ಪಂಡಿತನ ಕಥೆ ಅವರದು. ಸತ್ತವನ ಆತ್ಮ ಮದುವಣಗಿತ್ತಿಯ ಮೈ ಹೊಕ್ಕು ಅವಳ ಬಾಯಿಂದ ಮಾತಾಡಿದ ಕಥೆಯೂ ಅವರದೇ. ಅದನ್ನು ಓದಿ ನನಗೆ ನಗು ಬಂತು. ನಮ್ಮ ಓಣಿಯಲ್ಲಿ ವರ್ಷಕ್ಕೆ ಇಬ್ಬರಿಗಾದರೂ ಗಾಳಿ ಹಿಡಿಯುತ್ತಿತ್ತು, ಅದಕ್ಕೆ ಸಮುದ್ರ ದಾಟಿ ಹೋಗಬೇಕಿರಲಿಲ್ಲ.

ನನ್ನನ್ನು ಹಿಡಿದದ್ದು ಇನ್ನೊಂದು ಕಥೆ. ಮದುವೆ ಗೊತ್ತಾದ ಒಬ್ಬ ಹುಡುಗ ಗೆಳೆಯರೊಡನೆ ಅಡವಿಯಲ್ಲಿ ಹೋಗುತ್ತಿದ್ದಾಗ ನೆಲದಿಂದ ಬೆರಳಿನಂಥದೇನೋ ಮೇಲೆದ್ದಿರುವುದನ್ನು ನೋಡುತ್ತಾನೆ. ಗಿಡದ ಬೇರು ಅಂದುಕೊಂಡು ಚೇಷ್ಟೆಗೆ ಅದಕ್ಕೆ ಉಂಗುರ ತೊಡಿಸಿ, ಮದುವೆಯಲ್ಲಿ ಹೇಳುವ ಮಾತನ್ನೂ ಹೇಳಿಬಿಡುತ್ತಾನೆ. ನೆಲ ಬಿರಿದು ಸತ್ತ ಹೆಂಗಸೊಬ್ಬಳು ಏಳುತ್ತಾಳೆ. ಮುಂದೆ ಅವನ ಮದುವೆಯ ದಿನ ಚಪ್ಪರದೊಳಗೇ ಬಂದು, ಇವನು ನನ್ನ ಗಂಡ ಎನ್ನುತ್ತಾಳೆ. ಹ್ಯಾಲೋವೀನಿನವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದರು, ಬಾಗಿಲಲ್ಲಿ ಹೆಣ, ಒಳಗೆ ಕಿರುಚಾಟ. ಆದರೆ ಟಿಪ್ಪಣಿಯಲ್ಲಿ ಉಳಿದ ಅರ್ಧವಿತ್ತು. ಯೆಹೂದ್ಯರು ಹೇಳುವಾಗ ಅಲ್ಲಿ ಯಾರೂ ಓಡಿಹೋಗುವುದಿಲ್ಲವಂತೆ. ಅವರ ಧರ್ಮದ ಹಿರಿಯರು ನ್ಯಾಯಕ್ಕೆ ಕೂರುತ್ತಾರೆ. ಸತ್ತವಳ ಮಾತನ್ನು ಪೂರ್ತಿ ಕೇಳುತ್ತಾರೆ, ಸಾಕ್ಷಿ ಕೇಳುತ್ತಾರೆ. ಮಾತು ಕೊಟ್ಟದ್ದು ನಿಜವೇ ಎಂದು ಒಪ್ಪುತ್ತಾರೆ. ಆಮೇಲೆ ತೀರ್ಪು ಕೊಡುತ್ತಾರೆ, ಸತ್ತವರಿಗೆ ಬದುಕಿರುವವರ ಮೇಲೆ ಹಕ್ಕಿಲ್ಲ ಅಂತ. ಅದನ್ನು ಓದಿ ಎದ್ದುನಿಂತೆ. ವಾಚನಾಲಯದ ಜವಾನ "ಏನಾತಬೇ ತಂಗೀ, ಚೇಳು ಕಡೀತೇನು?" ಅಂದ.

ನಾನು ಹಾಗೆ ಎದ್ದುನಿಲ್ಲಲು ಕಾರಣ ನನ್ನ ಅಕ್ಕ.

ಅವಳನ್ನು ಹಿಂದಿನ ವರ್ಷ ಮಸ್ಕಿಗೆ ಕೊಟ್ಟಿದ್ದೆವು, ಎರಡನೇ ಸಂಬಂಧಕ್ಕೆ. ಗಂಡನಿಗೆ ಬಟ್ಟೆ ಅಂಗಡಿ, ಕಾಲುವೆ ಕೆಳಗೆ ಗದ್ದೆ. ಮೊದಲ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಿದ್ದಳು. ಅಪ್ಪನಿಗೆ ಮನೆತನ ಕಂಡಿತು, ಮಗಳು ಕಾಣಲಿಲ್ಲ. ಸತ್ತ ಹೆಂಡತಿಯ ರೂಪವನ್ನು ಬೆಳ್ಳಿಯ ತಗಡಿನಲ್ಲಿ ಬಡಿಸಿ ಎರಡನೆಯವಳ ಕೊರಳಿಗೆ ಕಟ್ಟುವ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಸತ್ತವಳು ಸಿಟ್ಟಾಗಬಾರದು, ಅದಕ್ಕೆ. ಅಕ್ಕನಿಗೂ ತಾಳಿ ಕಟ್ಟುವ ಮೊದಲು ಅದನ್ನು ಕಟ್ಟಿದರು. ನಾವು ಲಿಂಗ ಕಟ್ಟಿಕೊಂಡ ಜನ. ಶಿವನನ್ನು ಬಿಟ್ಟು ಇನ್ನೊಂದಕ್ಕೆ ಅಂಜುವುದಿಲ್ಲ ಎಂದು ಮಠದಲ್ಲಿ ಕೂತು ತಲೆಯಾಡಿಸುತ್ತೇವೆ. ಅಕ್ಕನ ಎದೆಯ ಮೇಲೆ ಶಿವನ ಪಕ್ಕದಲ್ಲೇ ಸವತಿ ತೂಗುತ್ತಿದ್ದಳು, ಅದು ಯಾರ ಕಣ್ಣಿಗೂ ವಿಚಿತ್ರವೆನಿಸಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅಕ್ಕ ಸಹಿಸುತ್ತಿದ್ದಳು. ಆದರೆ ಆ ಮನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಮದುವೆಯಲ್ಲಿ ಅಕ್ಕಿಯ ಮೇಲೆ ಸೊಸೆಯ ಹೊಸ ಹೆಸರು ಬರೆಯುವಾಗ ಸತ್ತವಳ ಹೆಸರನ್ನೇ ಬರೆಸಿದರು. ಅವತ್ತಿನಿಂದ ಅತ್ತೆ, ಗಂಡ, ಆಳುಗಳು, ನೆರೆಯವರು ಎಲ್ಲರೂ ಅವಳನ್ನು ಅದೇ ಹೆಸರಿನಿಂದ ಕರೆದರು. ಅಡುಗೆ ಮಾಡಿದರೆ ಮೊದಲ ತುತ್ತು "ಹಿರೇಕಿಗೆ". ಹಿರೇಕಿ ಎಂದರೆ ಹಿರಿಯಳು, ಸತ್ತವಳು. ಸೀರೆ ತಂದರೆ ಮೊದಲು ಹಿರೇಕಿಯ ಫೋಟೊಕ್ಕೆ ಹೊದಿಸಿ ಆಮೇಲೆ ಇವಳಿಗೆ. ಹಾಲು ಉಕ್ಕಿದರೆ ಹಿರೇಕಿಗೆ ಸಿಟ್ಟು ಬಂದಿದೆ. ಎಮ್ಮೆ ದಿನ ತುಂಬದೆ ಕಂದು ಹಾಕಿದರೂ ಹಿರೇಕಿಯೇ. ಬದುಕಿದ್ದಾಗ ಆ ಹುಡುಗಿಗೆ ಇಷ್ಟು ಕಿಮ್ಮತ್ತು ಕೊಟ್ಟಿದ್ದರೆ ಅವಳು ಸಾಯುತ್ತಲೇ ಇರಲಿಲ್ಲ.

ಅಕ್ಕನಿಗೆ ಏಳು ತಿಂಗಳಾದಾಗ ಕುಬಸಕ್ಕೆ ಹೋದೆವು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಶಾಸ್ತ್ರ ಅದು. ಆರತಿ ಹಾಡಿನಲ್ಲಿ ಬಸುರಿಯ ಹೆಸರು ಬರುವ ಕಡೆ ಹೆಂಗಸರು ಸತ್ತವಳ ಹೆಸರು ಹಾಡಿದರು. ಹಾಡು ಮುಗಿದ ಮೇಲೆ ಅತ್ತೆ ಎಲ್ಲರೆದುರು "ಹಿರೇಕಿ ಕಳಕೊಂಡ ಕೂಸು ತಿರುಗಿ ಬರಾಕತ್ತೈತಿ. ಇದು ಆಕಿದೇ ಕೂಸು. ಈಕಿ ಹೊತ್ತು ಕೊಡ್ತಾಳ, ಅಷ್ಟ" ಅಂದಳು. ಅಕ್ಕನ ಮುಖ ಕಪ್ಪಿಟ್ಟಿತು. ತೊಡೆಯ ಮೇಲಿದ್ದ ಉಡಿಯ ಅಕ್ಕಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪ, ಅವ್ವ ಊರಿಗೆ ಮರಳಿದರು, ನಾನು ಕೆಲವು ದಿನ ಅಕ್ಕನ ಜೊತೆಗೆ ಉಳಿದೆ. ಮರುದಿನ ಮಾಳಿಗೆಯ ಮೇಲೆ ಇಬ್ಬರೇ ಮೆಣಸಿನಕಾಯಿ ಹರವುತ್ತಿದ್ದಾಗ ಅವಳು ಅಂದದ್ದು ಇಷ್ಟೇ. "ನನಗ ಏನೂ ಬ್ಯಾಡಬೇ. ನನ್ನ ಹೆಸರು ನನಗ ಬೇಕು. ಹುಟ್ಟೋ ಕೂಸು ನನ್ನ ಕೂಸು ಅನ್ನಿಸಿಕೋಬೇಕು. ಅಷ್ಟ ಸಾಕು."

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇಂಗ್ಲಿಷ್ ಪುಸ್ತಕ ಓದಿದವಳಲ್ಲವೇ, ಬಾಯಿ ತುರಿಸಿತು. ಯೆಹೂದ್ಯರ ಕಥೆಯನ್ನು ಉಂಗುರದಿಂದ ತೀರ್ಪಿನವರೆಗೆ ಹೇಳಿದೆ. ಅಕ್ಕ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು ಕೇಳಿದಳು.

"ಖರೇನ ಹಂಗ ಫೈಸಲಾ ಕೊಟ್ರಾ?"

"ಖರೇನ. ಸತ್ತೋರಿಗೆ ಇದ್ದೋರ ಮ್ಯಾಲ ಹಕ್ಕಿಲ್ಲ ಅಂದ್ರು."

"ಅವರೂ ದೇವರಿಗೆ ಅಂಜೋ ಮಂದೀನ ಏನು?"

"ನಮಗಿಂತ ಜಾಸ್ತಿ ಅಂತ."

ಮೂರು ದಿನ ಅವಳು ಎಂದಿನಂತೆ ಮನೆಗೆಲಸ ಮಾಡಿಕೊಂಡಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಪಡಸಾಲೆಗೆ ಬಂದು, ಜೀವಮಾನದಲ್ಲಿ ಗಂಡನೆದುರು ಗಟ್ಟಿಯಾಗಿ ಉಸಿರಾಡದವಳು, "ಹಿರ್ಯಾರನ್ನ ಕೂಡಸ್ರಿ. ನನಗೊಂದು ಫೈಸಲಾ ಆಗಬೇಕು" ಅಂದಳು. ಅತ್ತೆ ಕೂಗಾಡಿದಳು. ಆದರೆ ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳು ಮೂರು ಹೊತ್ತು ಉಣ್ಣದೆ ಕೂತರೆ ಏನು ಮಾಡುತ್ತಾರೆ? ಎರಡನೆಯ ದಿನ ಮಾಮಾ, ಅಂದರೆ ಅಕ್ಕನ ಗಂಡ, ತಾನೇ ಹೋಗಿ ಐನೋರಿಗೂ ಮೂವರು ಹಿರಿಯರಿಗೂ ಹೇಳಿ ಬಂದ. ಐನೋರು ಎಂದರೆ ಆ ಮನೆತನದ ಗುರುಗಳು. ಅವರು ಹೇಳಿದ್ದೇ ಕಡೆ.

ಮುಂಜಾನೆ ಹತ್ತು ಗಂಟೆಗೆ ಕೂತರು. ಅಕ್ಕ ಕಂಬದ ಪಕ್ಕ ಸೆರಗು ಹೊದ್ದು ನಿಂತು, ಬೆಳ್ಳಿ ತಗಡು ಬಿಚ್ಚಿಸಿರಿ, ನನ್ನ ಹೆಸರಿನಿಂದ ಕರೆಯಿರಿ, ಕೂಸನ್ನು ನನ್ನದು ಅನ್ನಿರಿ, ಎಂದು ಮೂರೇ ಮಾತು ಕೇಳಿದಳು. ಐನೋರು ಸಿಟ್ಟಾಗಲಿಲ್ಲ. "ಯವ್ವಾ, ಇಂಥಾ ಮಾತು ನಿನಗ ಯಾರು ಹೇಳಿಕೊಟ್ರು?" ಅಂದರು. ಅಕ್ಕ ನನ್ನ ಕಡೆ ನೋಡಿದಳು. ನನಗೋ ಹಿರಿ ಹಿರಿ ಹಿಗ್ಗು. ಎದ್ದುನಿಂತು ಕಾಲೇಜಿನ ಭಾಷಣದ ಹಾಗೆ ಪೂರ್ತಿ ಕಥೆ ಹೇಳಿದೆ. ಅವರು ಎಂಥ ನ್ಯಾಯವಂತರು ಎಂದು ತೋರಿಸುವ ಹುಕಿಯಲ್ಲಿ, "ಸತ್ತಾಕಿ ಮಾತನ್ನೂ ಕೂಡಸಿ ಕೇಳಿದ್ರು ನೋಡ್ರಿ" ಅಂತ ಒತ್ತಿ ಹೇಳಿದೆ.

ರುಮಾಲಿನ ಹಿರಿಯರೊಬ್ಬರು ತಲೆದೂಗಿದರು. "ಬರೋಬರಿ ಐತಿ ನೋಡ್ರಿ. ಒಂದ ಕಡೀ ಮಾತು ಕೇಳಿ ಫೈಸಲಾ ಕೊಡಾಕ ಬರಂಗಿಲ್ಲ. ಹಿರೇಕಿನ್ನೂ ಕೇಳಬೇಕು."

ಐನೋರು ಹೌದೆಂದರು. ಉಳಿದಿಬ್ಬರೂ ಹೌದೆಂದರು. ಅತ್ತೆಯ ಮುಖ ಅರಳಿತು. ನಾನು ಅಲ್ಲೇ ನಿಂತಿದ್ದೆ, ಅಲ್ಲ ರೀ, ಅದು ಕಥೆ, ಅದರಲ್ಲಿ ಹೆಣ ತಾನೇ ಎದ್ದು ಬಂದಿತ್ತು, ಇಲ್ಲಿ ಯಾರನ್ನು ಕೇಳುತ್ತೀರಿ ಎಂದು ಅನ್ನಲು ನನಗೆ ಮುಖವೆಲ್ಲಿತ್ತು? ಹಾದಿ ನಾನೇ ತೋರಿಸಿದ್ದೆ.

ಅತ್ತೆಗೆ ಬಳಗಾನೂರಿನಲ್ಲಿ ಒಬ್ಬ ತಂಗಿಯಿದ್ದಳು. ಸತ್ತವರು ಮೈಮೇಲೆ ಬರುತ್ತಾರೆ ಎಂದು ಆ ಕಡೆಗೆಲ್ಲ ಹೆಸರಾದವಳು. ಅವಳಿಗೆ ಹೇಳಿಕಳಿಸಿದರು, ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ಬಂದವಳು ಕಾಲು ತೊಳೆದು, ಎರಡು ಕಪ್ ಚಹಾ ಕುಡಿದು, ತನ್ನ ಅಕ್ಕನೊಂದಿಗೆ, ಅಂದರೆ ಅತ್ತೆಯೊಂದಿಗೆ, ಒಳಗೆ ಹೋಗಿ ಅರ್ಧ ತಾಸು ಮಾತಾಡಿದಳು; ನನ್ನ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಮತ್ತೆ ಕೂಡಿದ್ದ ಹಿರಿಯರೆದುರು ಕೂತು ಕೂದಲು ಬಿಚ್ಚಿ ತೂಗಾಡತೊಡಗಿದಳು.

"ನಾ ಎಲ್ಲೂ ಹೋಗಿಲ್ಲ. ಈ ಮನ್ಯಾಗ ಅದೀನಿ. ಗಂಡ ನನ್ನ ಗಂಡ. ಹೆಸರು ನನ್ನ ಹೆಸರು. ಕೂಸು ನನ್ನ ಕೂಸು. ಬಿಡಂಗಿಲ್ಲ."

ಹೆಂಗಸರು ಕೈ ಮುಗಿದರು. ಐನೋರು ವಿಭೂತಿ ಎರಚಿದರು. ನನಗೆ ಪಿತ್ತ ನೆತ್ತಿಗೇರಿತು. "ಆಕಿ ಮಾತು ಕೇಳಿದ್ರಲ್ಲ, ಈಗ ಫೈಸಲಾ ಕೊಡ್ರಿ. ಸತ್ತೋರಿಗೆ ಹಕ್ಕಿಲ್ಲಂತ ಕೊಡ್ರಿ" ಎಂದು ಚೀರಿದೆ. ಐನೋರು ಬಹಳ ಸಮಾಧಾನದಿಂದ "ಅದು ಆ ಊರಿನ ಫೈಸಲಾ ತಾಯಿ. ಈ ಊರಿಗೆ ಹತ್ತಂಗಿಲ್ಲ" ಅಂದರು. ಕೇಳುವ ಪದ್ಧತಿ ಮಾತ್ರ ಹತ್ತಿತು, ತೀರ್ಪು ಹತ್ತಲಿಲ್ಲ.

ಆಗ ಅಕ್ಕ ಕಂಬ ಬಿಟ್ಟು ಮುಂದೆ ಬಂದಳು. ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಆ ಹೆಂಗಸಿನ ಎದುರಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಿಜವಾಗಿ ಒಬ್ಬ ಹಿರಿಯಕ್ಕನನ್ನು ಕೇಳುವಂತೆ ಕೇಳಿದಳು.

"ಅಕ್ಕಾ, ನಿನಗ ಎರಡು ದಿನ ಹೆರಿಗಿ ಬ್ಯಾನಿ ಬಂದಿತ್ತಂತ. ದವಾಖಾನಿಗೆ ಒಯ್ಯೋದು ಬ್ಯಾಡ, ಅಮಾಸಿ ಐತಿ, ಹೊಸ್ತಿಲ ದಾಟಬಾರದು ಅಂತ ಯಾರೋ ಅಂದರಂತ. ಯಾರಂದ್ರು? ಇಲ್ಲಿ ಕೂತೋರಾಗ ಆಕಿ ಅದಾಳೇನು?"

ಕೆಲಸದವಳು ಯಾವಾಗಲೋ ಅಕ್ಕನ ಕಿವಿಯಲ್ಲಿ ಹೇಳಿದ್ದ ಮಾತು ಅದು. ತೂಗಾಡುತ್ತಿದ್ದವಳು ತಟ್ಟನೆ ನಿಂತಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾಮಾ ಎದ್ದು ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋಗಿಬಿಟ್ಟ. ಆ ಪಡಸಾಲೆಯಲ್ಲಿ ಒಂದು ಗಳಿಗೆ ನಿಜಕ್ಕೂ ಸತ್ತವಳು ಬಂದು ಕೂತಿದ್ದಳು ಎಂದು ನನಗೆ ಈಗಲೂ ಅನಿಸುತ್ತದೆ. ಅವಳನ್ನು ಅಲ್ಲಿಗೆ ಕರೆದದ್ದು ನನ್ನ ಅಕ್ಕ. ಆ ಬಡಪಾಯಿಯ ಪರವಾಗಿ ಆ ಮನೆಯಲ್ಲಿ ಮಾತಾಡಿದವಳು ಅವಳೊಬ್ಬಳೇ.

ಬಳಗಾನೂರಿನವಳು ದೊಪ್ಪೆಂದು ಬಿದ್ದಳು. ನೀರು ತನ್ನಿ, ಗಾಳಿ ಹಾಕಿರಿ ಎಂದು ಗದ್ದಲವಾಯಿತು. ಗದ್ದಲದಲ್ಲೇ ಹಿರಿಯರು ಫೈಸಲಾ ಕೊಟ್ಟು ಎದ್ದರು, ಹಿಂದಿನಂತೆಯೇ ನಡೆಯಲಿ ಅಂತ. ತಗಡು ಇರಲಿ, ಹೆಸರು ಇರಲಿ, ಕೂಸು ಹಿರೇಕಿಯದೇ. ಅವರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ತಪ್ಪು ಅವರದು, ಅದನ್ನು ತೂಗುಹಾಕಲು ಕೊರಳು ನನ್ನಕ್ಕನದು. ಸತ್ತವಳಿಗೆ ಅಂಜುತ್ತಾರೆ ಅಂದುಕೊಂಡಿದ್ದೆ. ಅವರು ಅಂಜುತ್ತಿದ್ದದ್ದು ತಾವು ಮಾಡಿದ್ದಕ್ಕೆ.

ಆ ಸಂಜೆ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಚೀಲಕ್ಕೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತ "ಇನ್ನ ಮ್ಯಾಲ ನನಗ ಕಥಿ ಹೇಳಬ್ಯಾಡಬೇ" ಅಂದಳು. ಬಸ್ಸಿನಲ್ಲಿ ಲಿಂಗಸುಗೂರಿನವರೆಗೂ ನಾನು ಅಳುತ್ತಲೇ ಇದ್ದೆ, ಕಂಡಕ್ಟರ್ ಕೂಡ ಟಿಕೆಟ್ ಕೇಳಲು ಹಿಂದೆಮುಂದೆ ನೋಡಿದ.

ಹೆರಿಗೆ ಲಿಂಗಸುಗೂರಿನ ದವಾಖಾನೆಯಲ್ಲಾಯಿತು. ಹೆಣ್ಣು ಕೂಸು. ಬರೆದುಕೊಳ್ಳುವವನು ತಾಯಿಯ ಹೆಸರು ಕೇಳಿದ. ನಾನು ಅಕ್ಕನ ಹೆಸರು ಹೇಳಿದೆ. ಅತ್ತೆ ಹಿರೇಕಿಯ ಹೆಸರು ಹೇಳಿದಳು. ಅವನು ಪೆನ್ನು ಎತ್ತಿ ಹಿಡಿದು ಮಾಮಾನ ಮುಖ ನೋಡಿದ. ಮಾಮಾ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಕುಡಿದವನಲ್ಲ. ಗೋಡೆ ನೋಡುತ್ತ ಸತ್ತವಳ ಹೆಸರು ಹೇಳಿದ. ಒಳಗೆ ಮಂಚದ ಮೇಲೆ ಅಕ್ಕ ಕೂಸಿಗೆ ಮೊಲೆ ಕೊಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಅಂಥ ಒಳ್ಳೆಯವರ ಮೇಲೆ ನನಗಿರುವ ಸಿಟ್ಟು ಕೆಟ್ಟವರ ಮೇಲಿಲ್ಲ.

ಮುಂದೆ ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ಮಗಳ ಶಾಲೆಯ ದಾಖಲೆಯಲ್ಲಿ ಅದೇ ಹೆಸರು ಏರಿತು. ನಾನು ತೊಂಬತ್ತರ ದಶಕದ ಮೊದಲಿಗೆ ಸಿಂಧನೂರಿನಲ್ಲಿ ಶಾಲೆಯ ಕೆಲಸಕ್ಕೆ ಸೇರಿದೆ. ಕೆಲವು ವರ್ಷಕ್ಕೆ ಕೇಬಲ್ ಟಿ.ವಿ. ಬಂತು. ಒಂದು ದಿನ ಮಕ್ಕಳು ಅದರಲ್ಲಿ ಕುಂಬಳಕಾಯಿಯ ಮುಖ ನೋಡಿ ಬಂದು ಇದೇನು ಟೀಚರ್ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿತ್ತು. ಆ ಅಂಜಿಕೆಯ ಕಥೆಗಳಲ್ಲಿ ಕೆಲವು ಎಲ್ಲಿಂದ ಬಂದವು, ಬರುವ ದಾರಿಯಲ್ಲಿ ಏನನ್ನು ಕಳಕೊಂಡವು, ಎಲ್ಲ ಗೊತ್ತಿತ್ತು. ಹುಡುಗಿಯಾಗಿದ್ದಾಗ ನನಗೆ ಹ್ಯಾಲೋವೀನಿನವರ ಮೇಲೆ ಸಿಟ್ಟಿತ್ತು, ಅಷ್ಟು ಒಳ್ಳೆಯ ನ್ಯಾಯವನ್ನು ಕತ್ತರಿಸಿ ಬರೀ ಹೆಣವನ್ನು ಉಳಿಸಿಕೊಂಡರಲ್ಲ ಅಂತ. ಈಗ ಅನಿಸುತ್ತದೆ, ಅವರು ಹುಷಾರಾದ ಜನ. ಹೆಣ ಏಳುವುದನ್ನು ಯಾರಾದರೂ ನಂಬುತ್ತಾರೆ. ನಾಲ್ಕು ಜನ ಗಂಡಸರು ಕೂತು ಬದುಕಿರುವ ಹೆಣ್ಣಿನ ಪರವಾಗಿ ತೀರ್ಪು ಕೊಟ್ಟರು ಎಂದರೆ ಯಾರು ನಂಬಬೇಕು?

ಅದೇ ಸುಮಾರಿಗೆ ಅಕ್ಕ ಒಮ್ಮೆ ನನ್ನ ಮನೆಗೆ ಬರುವವಳಿದ್ದಳು. ಕರೆದುಕೊಂಡು ಬರಲು ಸಿಂಧನೂರಿನ ಬಸ್ ನಿಲ್ದಾಣಕ್ಕೆ ಹೋದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಸ್ವಲ್ಪ ಆಚೆಗೆ ಅಕ್ಕ ಮಸ್ಕಿಯ ಬಸ್ಸಿನಿಂದ ಇಳಿದು, ಬೆನ್ನು ಮಾಡಿ, ಗಂಟು ಸರಿಮಾಡಿಕೊಳ್ಳುತ್ತ ನಿಂತಿದ್ದಳು. "ಅಕ್ಕಾ" ಎಂದು ಕೂಗಿದೆ. ನಾಲ್ಕೈದು ಹೆಂಗಸರು ತಿರುಗಿದರು, ಅವಳು ತಿರುಗಲಿಲ್ಲ. ಹಿರಿಯಳನ್ನು ಹೆಸರು ಹಿಡಿದು ಕೂಗುವುದು ನಮ್ಮಲ್ಲಿಲ್ಲ, ಆದರೂ ಅವ್ವ ತೊಟ್ಟಿಲಲ್ಲಿಟ್ಟು ಕರೆದ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಒಮ್ಮೆ, ಎರಡು ಸಲ, ಮೂರು ಸಲ. ನಡುವೆ ಹತ್ತು ಮಾರು ಜಾಗವೂ ಇರಲಿಲ್ಲ. ಅವಳ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಕೂಡ ಯಾರನ್ನು ಕರೆಯುತ್ತಿದ್ದಾರೆ ಎಂದು ಹೊರಳಿ ನೋಡಿದಳು. ಅಕ್ಕ ಮಾತ್ರ ಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡು ಬೇರೆ ಕಡೆ ನಡೆಯತೊಡಗಿದಳು.

ಜನರಲ್ಲಿ ತಪ್ಪಿಹೋಗುತ್ತಾಳೆಂದು ಗಾಬರಿಯಾಗಿ ಸತ್ತವಳ ಹೆಸರು ಕೂಗಿದೆ.

ಅವಳು ತಟ್ಟನೆ ನಿಂತಳು, ತಿರುಗಿದಳು, ನನ್ನನ್ನು ನೋಡಿ ಮುಖ ತುಂಬ ನಕ್ಕಳು. "ಎಷ್ಟೊತ್ತಾತಬೇ ನೀ ಬಂದು? ಮೊದಲ ಕೂಗಬಾರದೇನು?" ಅಂದಳು. ಈಗಷ್ಟೇ ಬಂದೆ ಎಂದು ಹೇಳಿ ಅವಳ ತಲೆಯ ಮೇಲಿನ ಗಂಟನ್ನು ಇಳಿಸಿಕೊಂಡೆ.